ಮಾವು ಮೇಳಕ್ಕೆ ಹೊರಡುವ ಮುನ್ನ



ಶಿವರಾತ್ರಿಯ ಹೊತ್ತಿಗೆ ಆವಣಿ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋದವರು ನಿಮ್ಮಲ್ಲಿ ಅನೇಕರಿದ್ದೀರಿ. ನೀವು ಹೋಗದಿದ್ದರೂ ನಿಮ್ಮ ತಂದೆಯವರೋ ತಾತನವರೋ ಹೋಗಿಯೇ ಇರುತ್ತಾರೆ. ಆ ಜೋಡಿಯನ್ನು ಅವರು ಯಾವಾಗ ಸಿದ್ಧಮಾಡುತ್ತಿದ್ದರು? ಜಾತ್ರೆಯ ಹಿಂದಿನ ರಾತ್ರಿಯಲ್ಲ. ಸಂಕ್ರಾಂತಿ ಕಳೆಯುತ್ತಲೇ ಹುರುಳಿ, ಹಿಂಡಿ ಹೆಚ್ಚು ಮಾಡುತ್ತಿದ್ದರು. ಲಾಳ ಕಟ್ಟಿಸುತ್ತಿದ್ದರು, ಕೊಂಬು ಹೆರೆಸುತ್ತಿದ್ದರು. ಗಾಡಿಗೆ ಹುಲ್ಲಿನ ಹೊರೆ, ರಾಗಿಹಿಟ್ಟಿನ ಚೀಲ, ಹಗ್ಗ, ಗೂಟ, ನೀರು ಸೇದುವ ಬಿಂದಿಗೆ ಎಲ್ಲವನ್ನೂ ಏರಿಸುತ್ತಿದ್ದರು. ನೆರಳಿರುವ ಮರದಡಿ ಜಾಗ ಹಿಡಿಯಲು ಒಬ್ಬನನ್ನು ಮುಂಚೆಯೇ ಕಳುಹಿಸುತ್ತಿದ್ದರು. ಇದನ್ನು ಅವರಿಗೆ ಯಾರೂ ಶಾಲೆಯಲ್ಲಿ ಕಲಿಸಿರಲಿಲ್ಲ.

ಅದೇ ಮನೆಯ ಮಗ ಇಂದು ಬೆಂಗಳೂರಿನ ಲಾಲ್‌ಬಾಗಿನ ಮಾವು ಮೇಳಕ್ಕೆ ಹಣ್ಣು ತೆಗೆದುಕೊಂಡು ಹೊರಟರೆ ಏನು ಮಾಡುತ್ತಾನೆ? ಹಿಂದಿನ ರಾತ್ರಿ ಟೆಂಪೊ ಹುಡುಕುತ್ತಾನೆ. ಅಲ್ಲಿಗೆ ಹೋದ ಮೇಲೆ ತಕ್ಕಡಿ ಮರೆತೆ ಅನ್ನುತ್ತಾನೆ. ಹಣ್ಣು ಇನ್ನೂ ಕಾಯಿಯಾಗಿದೆ ಅನ್ನುತ್ತಾನೆ, ಇಲ್ಲವೇ ಎಲ್ಲವೂ ಒಟ್ಟಿಗೆ ಹಣ್ಣಾಯಿತು ಅನ್ನುತ್ತಾನೆ. ಎತ್ತಿಗೆ ಮಾಡಿದ ಲೆಕ್ಕವನ್ನು ಹಣ್ಣಿಗೆ ಮಾಡುವುದಿಲ್ಲ. ಈ ದಿನ ಆ ಲೆಕ್ಕದ ವಿಷಯವಾಗಿ ಐದು ಮಾತುಗಳನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ದೇವರಾಯಸಮುದ್ರದ ಸುತ್ತಿನ ಐದು ಮಂದಿ ಬೆಳೆಗಾರರನ್ನು ಒಂದು ಮೇಳಕ್ಕೆ ಹೊರಡಿಸಿದವನು ನಾನೇ. ಅರ್ಜಿ ಬರೆಸಿದೆ, ಮಳಿಗೆ ಕೊಡಿಸಿದೆ, ಗಾಡಿ ಮಾತಾಡಿದೆ. ಬಾದಾಮಿ ಕಾಯಿಯನ್ನು ಎಲ್ಲರೂ ಒಂದೇ ದಿನ ಕಿತ್ತು ಒಂದೇ ದಿನ ಅಡೆ ಹಾಕಿ ಎಂದು ಹೇಳಿದೆ. ಶುಕ್ರವಾರ ಮೇಳ ಶುರುವಾದಾಗ ಹಣ್ಣು ಹುಳಿ ಬಿಟ್ಟಿರಲಿಲ್ಲ. ಶನಿವಾರ, ಭಾನುವಾರ ಜನ ಬಂದರು, ಮೂಸಿ ನೋಡಿ ಪಕ್ಕದ ಮಳಿಗೆಗೆ ಹೋದರು. ಸೋಮವಾರ ಎಲ್ಲವೂ ಒಮ್ಮೆಗೇ ಘಮ್ಮೆಂದು ಹಣ್ಣಾಯಿತು, ಆದರೆ ಸೋಮವಾರ ಕೊಳ್ಳುವ ಜನವಿಲ್ಲ. ಮಂಗಳವಾರ ಮಳೆ. ಟಾರ್ಪಾಲಿನ ಮಾತು ನಮಗೆ ಯಾರಿಗೂ ನೆನಪಾಗಿರಲಿಲ್ಲ. ಬುಧವಾರ ಕಪ್ಪು ಚುಕ್ಕೆ ಬಿದ್ದ ಹಣ್ಣನ್ನು ರಸದವರು ಕೇಳಿದ ಬೆಲೆಗೆ ಕೊಟ್ಟು ಬಂದೆವು.

ಆ ಐವರಲ್ಲಿ ಒಬ್ಬರು ಗಂಡನನ್ನು ಕಳೆದುಕೊಂಡ ತಾಯಿ. ಎರಡು ಎಕರೆ ತೋಟ. ಹೂವಿನ ಕಾಲದಲ್ಲೇ ಗುತ್ತಿಗೆಯವರು ಮುಂಗಡ ಕೊಡಲು ಬಂದಿದ್ದರು. ನನ್ನ ಮಾತು ನಂಬಿ ಅದನ್ನು ಬೇಡವೆಂದಿದ್ದರು. ಮಗಳ ಕಾಲೇಜಿನ ಫೀಜಿಗೆ ಆ ಹಣವೇ ಆಧಾರ. ಹಿಂತಿರುಗುವಾಗ ಗಾಡಿಯಲ್ಲಿ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸಾರ್, ನೀವು ಹೇಳಿದ್ದೆಲ್ಲ ಮಾಡಿದೆ. ದಿನ ಎಣಿಸೋದೊಂದು ನೀವು ಹೇಳಲಿಲ್ಲ” ಎಂದರು. ಡಿಪ್ಲೊಮಾ ಓದುವಾಗ ಹಣ್ಣು ಮಾಗುವ ಕ್ರಮವನ್ನು ನಾನು ಬರೆದು ಪಾಸಾಗಿದ್ದವನು. ಆದರೆ ಆ ಪಾಠವನ್ನೂ ಕ್ಯಾಲೆಂಡರನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಆದುದರಿಂದ ಮೊದಲನೆಯ ಮಾತು ಇದೇ: ಮಾರುವ ದಿನದಿಂದ ಹಿಂದಕ್ಕೆ ಎಣಿಸತಕ್ಕದ್ದು.

ಬಲಿತ ಬಾದಾಮಿ ಕಾಯಿಯನ್ನು ಬೇಸಿಗೆಯಲ್ಲಿ ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದರೆ ಸುಮಾರು ಆರರಿಂದ ಎಂಟು ದಿನಕ್ಕೆ ತಿನ್ನುವ ಹದಕ್ಕೆ ಬರುತ್ತದೆ. ಮಲ್ಲಿಕಾ ಇನ್ನೂ ನಿಧಾನ. ಮಳೆ ಬಿದ್ದು ಗಾಳಿ ತಣ್ಣಗಾದರೆ ಒಂದೆರಡು ದಿನ ಹೆಚ್ಚಾಗಬಹುದು. ನಿಮ್ಮ ತೋಟಕ್ಕೆ ಎಷ್ಟು ದಿನ ಎಂಬುದನ್ನು ಪುಸ್ತಕ ಹೇಳಲಾರದು. ಮೇಳಕ್ಕೆ ಹದಿನೈದು ದಿನ ಮುಂಚೆಯೇ ಒಂದೊಂದು ಜಾತಿಯ ಹತ್ತು ಹತ್ತು ಕಾಯಿ ಕಿತ್ತು ಅಡೆ ಹಾಕಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಹಣ್ಣಾದ ದಿನ ಮತ್ತೆ ಬರೆಯಿರಿ. ಅದೇ ನಿಮ್ಮ ಪಂಚಾಂಗ.

ಏಳು ದಿನ ಎಂದು ಬಂತೆನ್ನಿ. ಶನಿವಾರ ಮಾರುವ ಹಣ್ಣನ್ನು ಹಿಂದಿನ ಶನಿವಾರ ಕೀಳಬೇಕು, ಭಾನುವಾರದ್ದನ್ನು ಹಿಂದಿನ ಭಾನುವಾರ. ಸೋಮವಾರದಿಂದ ಗುರುವಾರದವರೆಗೆ ಜನ ಕಡಿಮೆ, ಆ ದಿನಗಳಿಗೆ ಕಡಿಮೆ ಕೀಳಬೇಕು. ಹೀಗೆ ಕಾಯಿ ಕೀಳುವುದನ್ನು ನಾಲ್ಕೈದು ಕಂತು ಮಾಡಿ. ಒಂದೇ ದಿನ ಆಳು ಬಂದಿದ್ದಾರೆ, ಎಲ್ಲ ಕೀಳಿಸಿಬಿಡೋಣ ಅನ್ನಬೇಡಿ. ಒಂದು ದಿನದ ಕೂಲಿ ಉಳಿಸಲು ಹೋಗಿ ನಾವು ಒಂದು ವರ್ಷದ ಹಣ್ಣು ಕಳೆದವರು.

ಕಾಯಿ ಬಲಿತಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ತೊಟ್ಟಿನ ಎರಡು ಮಗ್ಗುಲಲ್ಲಿ ಹೆಗಲು ಎದ್ದು, ತೊಟ್ಟಿನ ಬುಡ ಗುಳಿ ಬಿದ್ದಿರಬೇಕು. ಅನುಮಾನವಿದ್ದರೆ ಬಕೆಟ್ಟಿನ ನೀರಿಗೆ ಹಾಕಿ ನೋಡಿ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ, ಮೇಳಕ್ಕೆ ಬೇಡ. ಬಲೆ ಕಟ್ಟಿದ ದೋಟಿಯಿಂದ ಬೆಳಗಿನ ತಂಪಿನಲ್ಲಿ ಕೀಳಿ. ತೊಟ್ಟು ಒಂದಿಷ್ಟು ಉಳಿಯಲಿ. ಸೊನೆ ಹಣ್ಣಿನ ಮೈಮೇಲೆ ಇಳಿದರೆ ಸುಟ್ಟ ಕಲೆಯಾಗುತ್ತದೆ. ಆದ್ದರಿಂದ ತೊಟ್ಟು ಕೆಳಗಾಗಿ ಜೋಡಿಸಿ ಸೊನೆ ಬಸಿಯಲು ಬಿಡಿ. ಹಣ್ಣಾಗುವಾಗ ಕಪ್ಪು ಚುಕ್ಕೆ ಬೀಳುವುದು ಚಿಬ್ಬು ರೋಗದಿಂದ. 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5 ರಿಂದ 10 ನಿಮಿಷ ಕಾಯಿಯನ್ನು ಅದ್ದಿ ಆರಿಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಕೈಯಿಂದ ಮುಟ್ಟಿ ಬಿಸಿ ನೋಡುವುದಲ್ಲ, ಉಷ್ಣಮಾಪಕ ಇಟ್ಟೇ ನೋಡಬೇಕು. ಈ ಕೆಲಸ ಗೊತ್ತಿಲ್ಲದವರು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲೀ, ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯ ತೋಟಗಾರಿಕೆ ಕ್ಷೇತ್ರಕ್ಕಾಗಲೀ ಹೋಗಿ ಕಣ್ಣಾರೆ ನೋಡಿ ಬನ್ನಿ.

ಇನ್ನು ಒಂದು ಎಚ್ಚರಿಕೆ. ದಿನದ ಲೆಕ್ಕ ತಪ್ಪಿದವನು ಹುಡುಕುವ ಅಡ್ಡದಾರಿಯೇ ಕಾರ್ಬೈಡ್ ಪುಡಿ. ಅದರಿಂದ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ, ತಿನ್ನುವವರಿಗೂ ಅಡೆ ಹಾಕುವವರಿಗೂ ಅದು ಕೇಡು. ಮೇಳಕ್ಕೆ ಜನ ಬರುವುದೇ ಇಲ್ಲಿ ಪುಡಿ ಹಾಕಿಲ್ಲವೆಂಬ ನಂಬಿಕೆಯಿಂದ. ಒಬ್ಬನ ಮಳಿಗೆಯಲ್ಲಿ ಸಿಕ್ಕಿಬಿದ್ದರೆ ಇಡೀ ಸಾಲಿಗೆ ಕೆಟ್ಟ ಹೆಸರು. ಬೇಗ ಹಣ್ಣು ಬೇಕಾದವರು ಎಥಿಲೀನ್ ಅನಿಲದ ಕೋಣೆಯನ್ನು ಉಪಯೋಗಿಸಬಹುದು. 100 ಪಿಪಿಎಂ ಮೀರದಂತೆ ಕಾನೂನೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಎರಡನೆಯ ಮಾತು ಕಾಗದ ಪತ್ರದ್ದು. ಮಾವು ಮೇಳ ಸಾಮಾನ್ಯವಾಗಿ ಮೇ–ಜೂನ್ ತಿಂಗಳಲ್ಲಿ ನಡೆಯುತ್ತದೆ, ಆದರೆ ತಯಾರಿ ಹೂವಿನ ಕಾಲಕ್ಕೇ ಶುರುವಾಗಬೇಕು. ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ ಈ ವರ್ಷದ ಮೇಳ ಯಾವಾಗ, ಅರ್ಜಿ ಯಾರಿಗೆ, ಕೊನೆಯ ದಿನ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಎಫ್‌ಐಡಿ ಸಂಖ್ಯೆ ಇವುಗಳ ಎರಡೆರಡು ನಕಲು ಒಂದೇ ಚೀಲದಲ್ಲಿರಲಿ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಆ ವಿಷಯ ಮೇ ತಿಂಗಳಲ್ಲಿ ಗೊತ್ತಾಗಬಾರದು, ಜನವರಿಯಲ್ಲೇ ಗೊತ್ತಾಗಬೇಕು. ಮಳಿಗೆ ಸಿಕ್ಕಿತೆಂದರೆ ಐದು ಪ್ರಶ್ನೆ ಕೇಳಿ: ಮಳಿಗೆಯ ಅಳತೆ ಎಷ್ಟು? ಮೇಲೆ ಹೊದಿಕೆ ಇದೆಯೇ? ದೀಪ ಇದೆಯೇ? ಗಾಡಿಯನ್ನು ಯಾವ ದ್ವಾರದಿಂದ ಎಷ್ಟು ಹೊತ್ತಿಗೆ ಬಿಡುತ್ತಾರೆ? ರಾತ್ರಿ ಹಣ್ಣಿನ ಜೊತೆ ಒಬ್ಬರು ಉಳಿಯಬಹುದೇ? ಈ ಐದಕ್ಕೂ ಉತ್ತರ ಸಿಗುವವರೆಗೆ ಕಚೇರಿ ಬಿಟ್ಟು ಏಳಬೇಡಿ. ಕೇಳುವುದು ನಿಮ್ಮ ಹಕ್ಕು.

ಮೂರನೆಯ ಮಾತು ಸಾಗಾಣಿಕೆ. ದೇವರಾಯಸಮುದ್ರ ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲೇ ಇರುವುದು ನಮ್ಮ ಪುಣ್ಯ. ಬೆಂಗಳೂರು ನೂರು ಕಿಲೋಮೀಟರಿಗಿಂತ ಕಡಿಮೆ. ಆದರೆ ದಾರಿ ಕಡಿಮೆ ಎಂದರೆ ಹೊತ್ತು ಕಡಿಮೆ ಎಂದಲ್ಲ. ಹೊಸಕೋಟೆಯವರೆಗೆ ಗಾಡಿ ಹಾರಿಕೊಂಡು ಬಂದರೂ ಕೆ.ಆರ್. ಪುರದಲ್ಲಿ ಬೆಳಗಿನ ಎಂಟಕ್ಕೆ ಸಿಕ್ಕಿಕೊಂಡರೆ ಬಿಸಿಲಲ್ಲಿ ಹಣ್ಣು ಬೇಯುತ್ತದೆ. ಸರಕಿನ ಗಾಡಿಗೆ ಊರೊಳಗೆ ಕೆಲವು ಹೊತ್ತು ಪ್ರವೇಶವೂ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೊರಟು ಬೆಳಕು ಹರಿಯುವ ಮುಂಚೆ ಲಾಲ್‌ಬಾಗಿನ ಹತ್ತಿರ ಇರುವಂತೆ ನೋಡಿಕೊಳ್ಳಿ.

ಐದು ಮಂದಿ ಸೇರಿ ಒಂದು ಗಾಡಿ ಮಾಡಿದರೆ ಬಾಡಿಗೆ ಐದರಲ್ಲಿ ಒಂದು ಪಾಲು. ಒಬ್ಬೊಬ್ಬರದು ಹನ್ನೆರಡು ಕ್ರೇಟು, ಒಟ್ಟು ಅರವತ್ತು. ಟೊಮೆಟೊ ಕ್ರೇಟುಗಳು ನಮ್ಮ ಕಡೆ ಮನೆಮನೆಯಲ್ಲಿವೆ, ತೊಳೆದು ಒಣಗಿಸಿ ತಳಕ್ಕೆ ಹುಲ್ಲು ಹಾಸಿದರೆ ಸಾಕು. ಬಾಯಿತನಕ ತುಂಬಬೇಡಿ. ಮೇಲಿನ ಕ್ರೇಟಿನ ತಳ ಕೆಳಗಿನ ಹಣ್ಣಿನ ಮೇಲೆ ಕೂತರೆ ಆ ಗಾಯ ಎರಡು ದಿನದ ಮೇಲೆ ಕಾಣುತ್ತದೆ. ಕ್ರೇಟಿಗೆ 15 ಕಿಲೋ ಎಂದರೆ ಅರವತ್ತಕ್ಕೆ 900 ಕಿಲೋ. ಒಬ್ಬೊಬ್ಬರ ಕ್ರೇಟಿಗೆ ಒಂದೊಂದು ಬಣ್ಣ ಬಳಿಯಿರಿ, ಅಡೆ ಹಾಕಿದ ತಾರೀಖಿನ ಚೀಟಿ ಕಟ್ಟಿ. ಮೊದಲು ಮಾರುವುದನ್ನು ಕೊನೆಗೆ ಏರಿಸಿ, ಆಗ ಅದು ಮೊದಲು ಇಳಿಯುತ್ತದೆ. ಇಷ್ಟು ಮಾಡಿದರೆ “ಇದು ನಿನ್ನದು, ಅದು ನನ್ನದು” ಎಂಬ ಜಗಳ ಅಲ್ಲಿ ಹುಟ್ಟುವುದಿಲ್ಲ.

ಗಾಡಿಯಲ್ಲಿ ಹಣ್ಣಿನ ಹೊರತು ಏನೇನಿರಬೇಕು? ಮುದ್ರೆ ಬಿದ್ದ ತಕ್ಕಡಿ ಒಂದು, ಅದು ಕೆಟ್ಟರೆ ಎಂದು ಇನ್ನೊಂದು. ಟಾರ್ಪಾಲು ಎರಡು, ಹಗ್ಗ, ಸುತ್ತಿಗೆ, ಮೊಳೆ. 3 ಕಿಲೋ ರಟ್ಟಿನ ಪೆಟ್ಟಿಗೆಗಳು. ಚಾಕು, ಒದ್ದೆ ಬಟ್ಟೆ, ತಟ್ಟೆ. ಚಿಲ್ಲರೆ ಹಣ. ಫೋನಿನಿಂದ ಹಣ ಹಾಕುವವರಿಗೆ ಕ್ಯೂಆರ್ ಚೀಟಿ, ಅದು ಯಾರ ಖಾತೆಯದೆಂದು ಐದು ಮಂದಿಯೂ ಮೊದಲೇ ಒಪ್ಪಿರಬೇಕು. ಬೆಡ್‌ಶೀಟು, ಕುಡಿಯುವ ನೀರು, ಜ್ವರ ತಲೆನೋವಿನ ಮಾತ್ರೆ. ಮತ್ತು ಒಂದು ಹಲಗೆ. ಅದರ ಮೇಲೆ ಜಾತಿಯ ಹೆಸರು, ಬೆಲೆ, ಕಿತ್ತ ತಾರೀಖು, ದೊಡ್ಡದಾಗಿ ನಿಮ್ಮ ಊರಿನ ಹೆಸರು.

ನಾಲ್ಕನೆಯದು ಮಳಿಗೆಯ ಕೆಲಸ. ಹಣ್ಣನ್ನು ಮೂರು ಗುಡ್ಡೆ ಮಾಡಿ: ಈ ದಿನ ತಿನ್ನುವುದು, ನಾಳೆ ತಿನ್ನುವುದು, ಮೂರು ದಿನ ಬಿಟ್ಟು ತಿನ್ನುವುದು. ಬಂದವರನ್ನು “ಎಷ್ಟು ಕಿಲೋ ಬೇಕು?” ಎನ್ನುವ ಮುಂಚೆ “ಯಾವತ್ತು ತಿನ್ನುತ್ತೀರಿ?” ಎಂದು ಕೇಳಿ. ಭಾನುವಾರ ನೆಂಟರಿಗೆ ಬೇಕೆಂದರೆ ಆ ಗುಡ್ಡೆಯಿಂದ ಕೊಡಿ. ಆ ಒಂದು ಮಾತಿನಿಂದ ಗಿರಾಕಿಗೆ ಇವರು ತೋಟದವರೇ ಎಂದು ತಿಳಿಯುತ್ತದೆ. ದಲ್ಲಾಳಿಯ ಅಂಗಡಿಯಲ್ಲಿ ಅವರಿಗೆ ಹೀಗೆ ಕೇಳುವವರು ಸಿಗುವುದು ಅಪರೂಪ. ಹೋಳು ಮಾಡಿ ರುಚಿ ತೋರಿಸಿ. ಹುಳ ಬಿದ್ದ ಹಣ್ಣು ಒಂದು ಹೋದರೂ ಹೆಸರು ಹೋಯಿತು, ಆದುದರಿಂದ ಹಣ್ಣುನೊಣದ ಮೋಹಕ ಬಲೆಗಳನ್ನು ತೋಟದಲ್ಲಿ ಕಾಯಿ ಎಳೆಯದಿರುವಾಗಲೇ ಕಟ್ಟಿರಬೇಕು. ಮಳಿಗೆಯಲ್ಲಿ ಇಬ್ಬರಿಗಿಂತ ಕಡಿಮೆ ಇರಬಾರದು. ಒಬ್ಬರು ತೂಗಲಿ, ಒಬ್ಬರು ಹಣ ನೋಡಲಿ. ಎರಡು ದಿನಕ್ಕೊಮ್ಮೆ ಊರಿನಿಂದ ಜನ ಬದಲಾಗಲಿ. ನಿದ್ದೆಗೆಟ್ಟವನು ಮೂರನೆಯ ದಿನ ಗಿರಾಕಿಯ ಮೇಲೆ ರೇಗುತ್ತಾನೆ.

ಐದನೆಯದು ಹಣದ ಲೆಕ್ಕ. ಇದನ್ನು ಪೆನ್ಸಿಲು ಹಿಡಿದು ಓದಿ. ಒಬ್ಬ ರೈತರು 600 ಕಿಲೋ ಕಾಯಿ ಅಡೆ ಹಾಕಿದರೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನೀರಾರಿ ಹಣ್ಣಾಗುವಾಗ 550 ಕಿಲೋ ಉಳಿಯಿತು. 30 ಕಿಲೋ ಕೆಟ್ಟಿತು, 10 ಕಿಲೋ ರುಚಿ ತೋರಿಸಲು ಹೋಯಿತು. ಮಾರಿದ್ದು 510 ಕಿಲೋ. ಕಿಲೋಗೆ 90 ರೂಪಾಯಿಯಂತೆ 45,900 ರೂಪಾಯಿ. ಈಗ ಖರ್ಚು: ಗಾಡಿಯ ಪಾಲು 3,000. ಪೆಟ್ಟಿಗೆ 170ಕ್ಕೆ 20 ರೂಪಾಯಿಯಂತೆ 3,400. ಆಳು ಮತ್ತು ಊಟ, ಆರು ದಿನಕ್ಕೆ 700ರಂತೆ 4,200. ಹುಲ್ಲು, ಟಾರ್ಪಾಲು, ಇತರೆ 1,200. ಒಟ್ಟು 11,800. ಕೈಯಲ್ಲಿ ಉಳಿದದ್ದು 34,100. ಇದನ್ನು 510ರಿಂದ ಭಾಗಿಸಬೇಡಿ, ಮರದಿಂದ ಕಿತ್ತ 600ರಿಂದ ಭಾಗಿಸಿ. ಕಿಲೋಗೆ ಹತ್ತಿರ ಹತ್ತಿರ 57 ರೂಪಾಯಿ. ಊರಿಗೆ ಬಂದು “ತೊಂಬತ್ತಕ್ಕೆ ಮಾರಿದೆ” ಎಂದು ಹೇಳಿಕೊಳ್ಳಬೇಡಿ. ನೀವು ಮಾರಿದ್ದು 57ಕ್ಕೆ. ಕೀಳಿಸುವ ಕೂಲಿ ಮಂಡಿಗೆ ಹಾಕಿದರೂ ಇದ್ದೇ ಇರುವುದರಿಂದ ಅದನ್ನು ಬಿಟ್ಟಿದ್ದೇನೆ. ಶ್ರೀನಿವಾಸಪುರದ ಮಂಡಿಯಲ್ಲಿ ಗಾಡಿ ಬಾಡಿಗೆ, ಕಮಿಷನ್ನು ಕಳೆದು ಆ ದಿನ ಎಷ್ಟು ಸಿಗುತ್ತಿತ್ತು ಎಂಬುದರ ಪಕ್ಕದಲ್ಲಿ ಈ 57ನ್ನು ಬರೆದು ನೋಡಿ. ಮಂಡಿಯ ಬೆಲೆಯೇ ಹೆಚ್ಚಾದರೆ ಮಂಡಿಗೇ ಹಾಕಿ, ಅದರಲ್ಲಿ ನಾಚಿಕೆಯಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಸಾರ್, ಮೇಳವೇ ಬೇಡ ಎನ್ನುವವರಿಗೆ ಒಂದು ನೆನಪು. 2025ರ ಜೂನ್ ತಿಂಗಳಲ್ಲಿ ನೆರೆಯ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ತಡೆ ಹಾಕಿತು. ನಮ್ಮ ಕಾಯಿಯ ಬಹುಪಾಲು ಆ ಕಡೆಯ ತಿರುಳಿನ ಕಾರ್ಖಾನೆಗಳನ್ನೇ ನಂಬಿತ್ತು. ಬೆಲೆ ನೆಲ ಕಚ್ಚಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ, 2.5 ಲಕ್ಷ ಟನ್ನಿನವರೆಗೆ, ಬೆಲೆ ವ್ಯತ್ಯಾಸ ಕೊಡಲು ಒಪ್ಪಬೇಕಾಯಿತು. ಒಂದೇ ಬಾಗಿಲಿನ ಮನೆಗೆ ಆ ಬಾಗಿಲು ಮುಚ್ಚಿದರೆ ಒಳಗಿದ್ದವರು ಏನು ಮಾಡಬೇಕು?

ಆದರೆ ಸುಳ್ಳು ಆಸೆಯನ್ನೂ ನಾನು ಹುಟ್ಟಿಸಲಾರೆ. ಲಾರಿಗಟ್ಟಲೆ ತೋತಾಪುರಿಯನ್ನು ಯಾವ ಮೇಳವೂ ಕೊಳ್ಳಲಾರದು. ಮೇಳಕ್ಕೆ ಬೇಕಾದದ್ದು ಬಾದಾಮಿ, ರಸಪುರಿ, ಮಲ್ಲಿಕಾ, ಬಂಗನಪಲ್ಲಿಯಂಥ ತಿನ್ನುವ ಹಣ್ಣು, ಅದೂ ತೋಟದ ಒಂದು ಪಾಲು ಮಾತ್ರ. ಮೇಳದಿಂದ ಬರುವ ದೊಡ್ಡ ಲಾಭ ಬೇರೆಯಿದೆ. ಕೊಂಡವರ ಹೆಸರು, ಬೀದಿ, ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಈಚಿನ ವರ್ಷಗಳಲ್ಲಿ ಮಾವಿನ ಪೆಟ್ಟಿಗೆ ಅಂಚೆಯ ಮೂಲಕವೂ ಬೆಂಗಳೂರಿನ ಮನೆಗಳಿಗೆ ಹೋಗಿದೆ. ಆ ಪುಸ್ತಕದಲ್ಲಿ ನೂರು ಹೆಸರಿದ್ದರೆ ಮುಂದಿನ ವರ್ಷ ನಿಮ್ಮ ಮನೆಗೆ ಎರಡನೆಯ ಬಾಗಿಲು ಇಟ್ಟಂತೆ.

ಈ ಮಾತು ಮಾವಿಗೆ ಮಾತ್ರವಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುತ್ತದೆ. ಅಲ್ಲಿಗೆ ರಾಗಿ ಹಿಟ್ಟು, ಹುಣಿಸೆಹಣ್ಣು, ಜೇನು ಒಯ್ಯುವ ಮಹಿಳಾ ಸಂಘಗಳಿಗೂ ಲೆಕ್ಕ ಇದೇ. ಹಿಂದಕ್ಕೆ ಎಣಿಸಿ, ಕೇಳಿ ತಿಳಿಯಿರಿ, ಸೇರಿ ಸಾಗಿಸಿ, ಉಳಿದದ್ದನ್ನು ಭಾಗಿಸಿ.

ಆ ತಾಯಿಯ ಮಾತು ಮುಗಿಸಿಬಿಡುತ್ತೇನೆ. ಮುಂದಿನ ವರ್ಷ ಅವರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಆದರೂ ಹೋದೆ. ಅಟ್ಟದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖುಗಳು ಆಗಲೇ ಬಿದ್ದಿದ್ದವು. ಮಗಳ ಅಕ್ಷರ. “ಅಮ್ಮಾ, ಈ ಸಲ ನಾನು ಏನು ಮಾಡಬೇಕು ಹೇಳಿ” ಎಂದೆ. “ಟಾರ್ಪಾಲು ನೀವು ತನ್ನಿ ಸಾರ್, ಹಣ್ಣು ನಾವು ನೋಡಿಕೊಳ್ತೀವಿ” ಎಂದರು. ಆ ವರ್ಷವೂ ಮಳೆ ಬಂತು. ಹಣ್ಣು ನೆನೆಯಲಿಲ್ಲ. ಕೊನೆಯ ದಿನ ಸಂಜೆ ಉಳಿದದ್ದು ಒಂದು ಕ್ರೇಟು, ಅದನ್ನು ಅಕ್ಕಪಕ್ಕದ ಮಳಿಗೆಯವರಿಗೆ ಹಂಚಿ ಬಂದರು. ಹಿಂದಿನ ವರ್ಷದ ನಷ್ಟ ಪೂರ್ತಿ ತುಂಬಲಿಲ್ಲ, ಫೀಜು ಕಟ್ಟಿದರು.

ನಿಮ್ಮ ಮನೆಯ ಗೋಡೆಯ ಮೇಲೂ ಈ ಬೇಸಿಗೆಯಲ್ಲಿ ಆ ತಾರೀಖುಗಳು ಬೀಳಲಿ. ಅನುಮಾನ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಕೂತು ಒಟ್ಟಿಗೆ ಎಣಿಸೋಣ.